ಬದುವಿನ ನೀಲಿ ಹೂ ವಿಷ್ಣುಕ್ರಾಂತಿನಾ, ನರ್ಸರಿಯದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ಚಿತ್ರದುರ್ಗದ ಹತ್ತಿರ. ಹೊಲದ ಬದುವಿನ ಗರಸು ನೆಲದಲ್ಲಿ ಪುಟ್ಟ ನೀಲಿ ಹೂ ಬಿಡುತ್ತದೆ, ಗಿಡ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ಅಜ್ಜಿ ವಿಷ್ಣುಕ್ರಾಂತಿ ಅನ್ನುತ್ತಾರೆ. ಬೆಂಗಳೂರಿನ ಒಂದು ನರ್ಸರಿಯಲ್ಲಿ ಅದೇ ಹೆಸರು ಹೇಳಿ ಕೊಟ್ಟ ಗಿಡದ ಹೂ ಇದಕ್ಕಿಂತ ಎಷ್ಟೋ ದೊಡ್ಡದು. ಯಾವುದು ನಿಜ?

ಉತ್ತರ: ಅಜ್ಜಿ ಹೇಳಿದ್ದೇ ಸರಿ. ನಿಮ್ಮ ಬದುವಿನದು ಎವಾಲ್ವುಲಸ್ ಆಲ್ಸಿನಾಯ್ಡಿಸ್, ನಮ್ಮ ನೆಲದ್ದೇ ಗಿಡ. ನರ್ಸರಿಯದು ಎವಾಲ್ವುಲಸ್ ಗ್ಲೋಮೆರಾಟಸ್, ದಕ್ಷಿಣ ಅಮೆರಿಕದಿಂದ ಬಂದ ಅದರ ದಾಯಾದಿ. ಅದರ ಹೂ ಸುಮಾರು 2 ಸೆಂಟಿಮೀಟರ್ ಅಗಲ. ನಮ್ಮದು ಸಾಮಾನ್ಯವಾಗಿ 1 ಸೆಂಟಿಮೀಟರ್ ಕೂಡ ಇರುವುದಿಲ್ಲ, ನೂಲಿನಂಥ ತೊಟ್ಟಿನ ತುದಿಯಲ್ಲಿ ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಬಿಡುತ್ತದೆ. ಎಲೆ, ಕಾಂಡದ ಮೇಲೆಲ್ಲ ರೇಷ್ಮೆಯಂಥ ಕೂದಲು ಇರುತ್ತದೆ, ಮುಟ್ಟಿ ನೋಡಿ.

ಪ್ರಶ್ನೆ: ಹಾಗಾದರೆ ಶಂಖಪುಷ್ಪ ಅನ್ನುವುದೂ ಇದೇನಾ?

ಉತ್ತರ: ನಮ್ಮ ಕಡೆ ಬೇಲಿಗೆ ಹಬ್ಬಿಸುವ ಶಂಖಪುಷ್ಪ ಬೇರೆ, ಅದು ಅವರೆಕಾಯಿಯ ನೆಂಟ. ವಿಷ್ಣುಕ್ರಾಂತಿ ಗೆಣಸಿನ ಕುಟುಂಬದ್ದು. ತಮಾಷೆ ಅಂದರೆ ಆ ಕುಟುಂಬದಲ್ಲಿ ಜಾಸ್ತಿ ಗಿಡಗಳು ಸುತ್ತಿಕೊಂಡು ಹಬ್ಬುವಂಥವು, ಇದು ಮಾತ್ರ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಎವಾಲ್ವುಲಸ್ ಹೆಸರಿನ ಮೂಲದಲ್ಲೇ 'ಸುತ್ತು ಬಿಚ್ಚು' ಅನ್ನುವ ಲ್ಯಾಟಿನ್ ಮಾತಿದೆ. ಗುರುತು ಪಕ್ಕಾ ಮಾಡಿಕೊಳ್ಳಬೇಕಾದರೆ ಒಂದು ಹೂವನ್ನು ಲೆನ್ಸ್ ಕೆಳಗೆ ಇಡಿ. ನಡುವೆ ಎರಡು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ನೂಲಿನಂಥ ಕಡ್ಡಿ, ಒಂದೊಂದೂ ಮತ್ತೆ ಎರಡಾಗಿ ಸೀಳಿ ಒಟ್ಟು ನಾಲ್ಕು ತುದಿ ಕಾಣಬೇಕು. ಇದೇ ಕುಟುಂಬದ ಕಾನ್ವಾಲ್ವುಲಸ್‌ನಲ್ಲಾದರೆ ಶಲಾಕೆ ಒಂದೇ, ತುದಿ ಎರಡು.

ಇನ್ನೊಬ್ಬರು: ನಾನು ಕಿತ್ತು ತಂದು ಕುಂಡದಲ್ಲಿ ನೆಟ್ಟೆ, ವಾರಕ್ಕೇ ಒಣಗಿತು. ದಿನಾ ನೀರು ಹಾಕಿದ್ದೆ ಮೇಡಂ.

ಉತ್ತರ: ಎರಡೂ ತಪ್ಪಾಯ್ತಲ್ವಾ! ಇದು ವರ್ಷವರ್ಷವೂ ಬದುಕುವ ಗಿಡ. ಮೇಲೆ ನೋಡಲು ಮೆತ್ತಗಿದ್ದರೂ ಬುಡ ಮಾತ್ರ ಕಟ್ಟಿಗೆಯ ಹಾಗೆ ಗಟ್ಟಿ, ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿದರೂ ಮಳೆ ಬಿದ್ದ ಮೇಲೆ ಅಲ್ಲಿಂದಲೇ ಚಿಗುರುತ್ತದೆ. ಕೀಳುವಾಗ ಬೇರು ಕಡಿದುಹೋದರೆ ಮುಗಿಯಿತು. ಬೀಜ ಆರಿಸಿಕೊಳ್ಳಿ. ಕೆಳಕ್ಕೆ ಬಾಗಿದ ಪುಟ್ಟ ಕಾಯಿ ಒಣಗಿ ನಾಲ್ಕು ಹೋಳಾಗುತ್ತದೆ, ಒಳಗೆ ಹೆಚ್ಚೆಂದರೆ ನಾಲ್ಕು ಬೀಜ. ಸಿಪ್ಪೆ ಗಟ್ಟಿ, ಎಮರಿ ಪೇಪರ್ ಮೇಲೆ ಮೆಲ್ಲಗೆ ಉಜ್ಜಿ ಹಾಕಿ. ಗೊಬ್ಬರ ಸುರಿಯಬೇಡಿ, ಗರಸು ಮಣ್ಣು, ಪೂರ್ತಿ ಬಿಸಿಲು ಸಾಕು. ಮಣ್ಣು ಒಣಗಿದ ಮೇಲಷ್ಟೇ ನೀರು.