ಎರಡೂವರೆ ವರ್ಷದ ಮಗಳಿಗೆ ಕಂಪ್ಯೂಟರ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಪ್‌ಟಾಪ್ ತೆರೆದ ಕೂಡಲೇ ಮಗಳು ತೊಡೆ ಏರಿ ಕೂರುತ್ತಾಳೆ. ನಿನ್ನೆ ಎಂಟರ್ ಕೀ ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು! ಸದ್ಯ, ನುಂಗಲಿಲ್ಲ.

ಅದಕ್ಕೇ ಹಳೇ ಡೆಸ್ಕ್‌ಟಾಪನ್ನು ಅವಳಿಗೆ ಬಿಟ್ಟು ಟಕ್ಸ್ ಪೇಂಟ್ ಅನ್ನುವ, ಮಕ್ಕಳು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿದ್ದೇನೆ. ಉಚಿತ, ಆದರೆ 3ರಿಂದ 12 ವರ್ಷದವರಿಗೆ. ಬಣ್ಣ, ಸದ್ದು ಬಂದರೆ ಕುಣಿಯುತ್ತಾಳೆ. ಮೌಸ್ ಮಾತ್ರ ಎರಡೂ ಕೈಯಲ್ಲಿ ಹಿಡಿದು ಕಾರಿನ ಹಾಗೆ ಟೇಬಲ್ ತುಂಬಾ ಓಡಿಸುತ್ತಾಳೆ, ಕ್ಲಿಕ್ ಮಾಡಲು ಬರುತ್ತಿಲ್ಲ. ಪುಟ್ಟ ಕೈಗೆ ಹೊಂದುವ ಮೌಸ್ ಯಾರಾದರೂ ತಂದಿದ್ದೀರಾ? ಸುಮ್ನೆ ಕೀ ಒತ್ತಿದರೆ ಕನ್ನಡ ಅಕ್ಷರ ದೊಡ್ಡದಾಗಿ ಕಾಣಿಸುವಂಥದ್ದು ಇದೆಯಾ?

ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು 15 ನಿಮಿಷ ಅಂದುಕೊಂಡಿದ್ದೇವೆ. ಆಫ್ ಮಾಡಿದರೆ ರಂಪ! ‘ಈಗ್ಲೇ ಯಾಕಮ್ಮಾ ಇದೆಲ್ಲ?’ ಅಂತಾರೆ ಅತ್ತೆ. ಅಳಿಸದೆ ಎಬ್ಬಿಸುವುದು ಹೇಗೆ, ಅನುಭವ ಇರುವವರು ಹೇಳಿ.