ಸಹಾಯ ಬೇಕು: ಲಾರಿಗೆ ಬೇರೆ ಟೆಂಪರೇಚರ್, ಆಯಿಲ್ ಪ್ರೆಶರ್ ಮೀಟರ್

ಅಣ್ಣಂದಿರೇ, ನನ್ನದು ಹತ್ತು ಚಕ್ರದ ಹಳೇ ಲಾರಿ, ಮಂಗಳೂರು-ಹಾಸನ ಓಡಾಟ. ಹೋದ ವಾರ ಲೋಡ್ ಹಾಕಿಕೊಂಡು ಶಿರಾಡಿ ಘಾಟ್ ಹತ್ತುವಾಗ ಇಂಜಿನ್ ಕಾದು ನೀರು ಉಕ್ಕಿತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಅರ್ಧದಿಂದ ಕದಲಿರಲಿಲ್ಲ! ಇಂಜಿನ್ನಿನ ಸಿಲಿಂಡರ್ ಹೆಡ್ ಉಳಿದದ್ದೇ ಪುಣ್ಯ. ಇನ್ನು ಆ ಮುಳ್ಳನ್ನು ನಂಬಲಾರೆ.

ಗಾಡಿ 24 ವೋಲ್ಟ್. ಅಂಗಡಿಯಲ್ಲಿ ತೋರಿಸಿದ್ದೆಲ್ಲ ಕಾರಿನ 12 ವೋಲ್ಟಿನವು. ಮೆಕ್ಯಾನಿಕಲ್ ಪ್ರೆಶರ್ ಮೀಟರ್ ಹಾಕಿದರೆ ಆಯಿಲ್ ಪೈಪ್ ಕ್ಯಾಬಿನ್ ಒಳಗೇ ಬರುತ್ತದೆ, ಒಡೆದರೆ ಬಿಸಿ ಆಯಿಲ್ ಕಾಲ ಮೇಲೆ. ಅದೇ ಭಯ. ಎಲೆಕ್ಟ್ರಿಕ್ ಆದರೆ ಮೀಟರಿನ ಓಮ್‌ಗೆ (ರೆಸಿಸ್ಟೆನ್ಸ್‌ಗೆ) ಹೊಂದುವ ಸೆಂಡರೇ (ಇಂಜಿನ್‌ನಿಂದ ಮೀಟರಿಗೆ ಸಿಗ್ನಲ್ ಕಳಿಸುವ ಸೆನ್ಸರ್) ಬೇಕು, ಇಲ್ಲದಿದ್ದರೆ ಮತ್ತೆ ಸುಳ್ಳು ರೀಡಿಂಗ್.

ಆಯಿಲ್ ವಾರ್ನಿಂಗ್ ಲೈಟಿನ ಹಳೇ ಸ್ವಿಚ್ ಉಳಿಸಿಕೊಂಡು, ಟಿ (ಒಂದು ತೂತಿನಿಂದ ಎರಡು ಕವಲು ಕೊಡುವ ಜಾಯಿಂಟ್) ಜೋಡಿಸಿ ಸೆಂಡರ್ ಕೂರಿಸಿದವರು ಯಾರಾದರೂ ಇದ್ದೀರಾ? ಟೆಂಪರೇಚರ್ ಸೆಂಡರ್ ಥರ್ಮೋಸ್ಟಾಟ್ ಹೌಸಿಂಗ್‌ಗೆ ಹಾಕಲೋ, ಹೆಡ್‌ಗೋ? ಫೋಟೋ ಇದ್ದರೆ ದಯವಿಟ್ಟು ಹಾಕಿ. ಸೋಮವಾರ ಮತ್ತೆ ಘಾಟ್ ಹತ್ತಬೇಕು.