ಮೀನು ದೋಣಿಯ ಕೇಸು, ನಮ್ಮ ಎಚ್-4 ಪರ್ಮಿಟ್ಟು: ಗುಂಪಿನ ವಕೀಲರಿಗೆ ಕೇಳಿದ್ದು

ಪ್ರಶ್ನೆ (ಡಲ್ಲಾಸ್‌ನಿಂದ): ಮೇಡಂ, ನಮ್ಮ ಯಜಮಾನರದು ಎಚ್-1ಬಿ ಅನ್ನುವ ಕೆಲಸದ ವೀಸಾ. ನಾನು ಅವರ ಹೆಂಡತಿ ಅಂತ ಸಿಕ್ಕ ಎಚ್-4 ವೀಸಾದಲ್ಲಿ ಇದ್ದು, ಪರ್ಮಿಟ್ಟು ತಗೊಂಡು ಕೆಲಸಕ್ಕೆ ಹೋಗ್ತೀನಿ. ನಮ್ಮ ಯಜಮಾನರು ಕಾರು ಹತ್ತಿದರೆ ಸಾಕು, ಕನ್ಸರ್ವೇಟಿವ್ ರೇಡಿಯೋ ಹಾಕುತ್ತಾರೆ. ಅದರಲ್ಲಿ ದಿನಾ ಒಂದೇ ಮಾತು. ವಾಷಿಂಗ್ಟನ್ನಿನ ಅಧಿಕಾರಿಗಳು ತಾವೇ ಕಾನೂನು ಮಾಡಿಕೊಂಡು ಕೂತಿದ್ದಾರೆ, ಸುಪ್ರೀಂ ಕೋರ್ಟು 2024ರಲ್ಲಿ ಷೆವ್ರಾನ್ ತೀರ್ಪನ್ನು ಕಿತ್ತು ಹಾಕಿದ್ದು ಒಳ್ಳೇದಾಯ್ತು ಅಂತ. ನನ್ನ ಪರ್ಮಿಟ್ಟನ್ನು ಕೊಟ್ಟಿದ್ದೂ ಅಧಿಕಾರಿಗಳ ನಿಯಮವೇ ಅಲ್ವಾ? ನೀವೂ ಆ ಕಡೆಯವರು ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೀನಿ.

ಉತ್ತರ: ಹೌದು, ನಾನು ಆ ಕಡೆಯವಳೇ. ಮುಚ್ಚಿಟ್ಟುಕೊಳ್ಳುವುದಿಲ್ಲ. ಮೊದಲು ಷೆವ್ರಾನ್ ಬೀಳಲು ಕಾರಣವಾದ ಮೀನು ದೋಣಿಯ ಕೇಸು ಏನು ಅಂತ ಹೇಳುತ್ತೇನೆ, ಯಾಕಂದರೆ ರೇಡಿಯೋದವರು ಅದನ್ನು ಬಿಟ್ಟು ಬರೀ ಕೂಗಾಡುತ್ತಾರೆ.

ನ್ಯೂಜೆರ್ಸಿಯ ಕೇಪ್ ಮೇ ಕಡೆ ಹೆರಿಂಗ್ ಮೀನು ಹಿಡಿಯುವವರಿದ್ದಾರೆ. ದೋಣಿಯಲ್ಲಿ ಮಲಗುವ ಜಾಗವೇ ಇಕ್ಕಟ್ಟು. ಎಷ್ಟು ಮೀನು ಹಿಡಿಯುತ್ತಾರೆ ಅಂತ ನೋಡಲು ಸರ್ಕಾರದ ಪರವಾಗಿ ಒಬ್ಬ ವೀಕ್ಷಕನನ್ನು ಹತ್ತಿಸಿಕೊಳ್ಳಬೇಕು. ಅದಕ್ಕೆ 1976ರ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಅವನ ಸಂಬಳ ಯಾರು ಕೊಡಬೇಕು? ಬೇರೆ ಕೆಲವು ಬಗೆಯ ದೋಣಿಯವರು ಕೊಡಬೇಕು ಅಂತ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಬರೆದಿತ್ತು. ಇವರ ಬಗ್ಗೆ ಬರೆದಿರಲಿಲ್ಲ. 2020ರಲ್ಲಿ ಮೀನುಗಾರಿಕೆ ಇಲಾಖೆ ತಾನೇ ನಿಯಮ ಮಾಡಿ, ನೀವೇ ಕೊಡಿ ಅಂತು. ದಿನಕ್ಕೆ 710 ಡಾಲರ್‌ವರೆಗೆ! ನಿಮ್ಮನ್ನು ಕಾಯಲು ಬಂದವನಿಗೆ ಊಟ ಹಾಕಿ, ಹಾಸಿಗೆ ಕೊಟ್ಟು, ಕೂಲಿಯನ್ನೂ ನೀವೇ ಕೊಡಿ ಅಂದ ಹಾಗೆ.

ಕೆಳಗಿನ ಕೋರ್ಟುಗಳು ಇಲಾಖೆಯ ಪರ ನಿಂತವು. ಅದಕ್ಕೆ ಕಾರಣ 1984ರ ಷೆವ್ರಾನ್ ತೀರ್ಪು. ಕಾನೂನಿನ ಮಾತು ಸ್ಪಷ್ಟ ಇಲ್ಲದಿದ್ದರೆ, ಇಲಾಖೆ ಹೇಳುವ ಅರ್ಥ ಒಪ್ಪುವಂತಿದ್ದರೆ ಸಾಕು, ಜಡ್ಜು ತಲೆಯಾಡಿಸಬೇಕು. ನಲವತ್ತು ವರ್ಷ ಹೀಗೇ ನಡೆಯಿತು. ಜೂನ್ 28, 2024ರಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದನ್ನು ತೆಗೆದು ಹಾಕಿದರು. ಕಾನೂನಿನ ಅರ್ಥ ಹೇಳುವುದು ಕೋರ್ಟಿನ ಕೆಲಸ, ಇಲಾಖೆಯದಲ್ಲ ಅಂತ.

ತಮಾಷೆ ಏನು ಗೊತ್ತಾ? 1984ರಲ್ಲಿ ಗೆದ್ದದ್ದು ರೇಗನ್ ಸರ್ಕಾರ. ಆ ಕೇಸಿಗೆ ಕಾರಣವಾದ ನಿಯಮ ಬಂದಾಗ ಪರಿಸರ ಇಲಾಖೆ ನೋಡಿಕೊಳ್ಳುತ್ತಿದ್ದವರು ಆ್ಯನ್ ಗೋರ್ಸಚ್. ಈಗ ಷೆವ್ರಾನ್ ಹೋಗಲಿ ಅಂದ ಜಡ್ಜುಗಳಲ್ಲಿ ಒಬ್ಬರು ಅವರ ಮಗ ನೀಲ್ ಗೋರ್ಸಚ್. ನಮ್ಮವರ ಹೀರೋ ಜಸ್ಟಿಸ್ ಸ್ಕಾಲಿಯಾ ಕೂಡ ಒಂದು ಕಾಲಕ್ಕೆ ಷೆವ್ರಾನ್ ಪರ ಮಾತಾಡಿದ್ದವರೇ. ಆಗ ಶ್ವೇತಭವನ ನಮ್ಮದಿತ್ತು, ಕೋರ್ಟುಗಳು ಎದುರು ಪಕ್ಷದವು ಅನ್ನಿಸುತ್ತಿತ್ತು. ಇಷ್ಟೇ ವಿಷಯ.

ನಿಮ್ಮ ಪರ್ಮಿಟ್ಟಿಗೆ ಬರೋಣ. 2015ರಲ್ಲಿ ಬಂದ ಆ ನಿಯಮದ ಮೇಲೆ ಆ ವರ್ಷವೇ ಕೇಸು ಹಾಕಿದ್ದರು. ಷೆವ್ರಾನ್ ಬಿದ್ದ ಮೇಲೂ, ಆಗಸ್ಟ್ 2024ರಲ್ಲಿ, ವಾಷಿಂಗ್ಟನ್ನಿನ ಅಪೀಲು ಕೋರ್ಟು ನಿಯಮವನ್ನು ಉಳಿಸಿತು. ಇಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳಿಗೆ ಕೆಲಸ ಮಾಡಲು ಬಿಡುವ ಓಪಿಟಿ ಬಗ್ಗೆ 2022ರಲ್ಲಿ ತಾನೇ ಕೊಟ್ಟಿದ್ದ ತೀರ್ಪನ್ನು ಹಿಡಿಯಿತು. ಅದು ಷೆವ್ರಾನ್ ಒಂದನ್ನೇ ನಂಬಿಕೊಂಡಿರಲಿಲ್ಲ. ಹಾಗಾಗಿ ರೇಡಿಯೋ ಕೇಳಿ ನಿದ್ದೆ ಕೆಡಿಸಿಕೊಳ್ಳಬೇಡಿ. ನಿಜವಾದ ಭಯ ಬೇರೆ ಇದೆ. ನಿಯಮದಿಂದ ಬಂದದ್ದನ್ನು ಇನ್ನೊಂದು ನಿಯಮದಿಂದ ತೆಗೆಯಬಹುದು. ಟ್ರಂಪ್ ಮೊದಲ ಅವಧಿಯಲ್ಲಿ ತೆಗೆಯಲು ಹೊರಟಿದ್ದರು, 2021ರಲ್ಲಿ ಬೈಡನ್ ಸರ್ಕಾರ ಅದನ್ನು ಕೈಬಿಟ್ಟಿತು. ಕಾಂಗ್ರೆಸ್ಸೇ ಕಾನೂನಿನಲ್ಲಿ ಬರೆದಿದ್ದರೆ ನಾಲ್ಕು ವರ್ಷಕ್ಕೊಮ್ಮೆ ಈ ಎದೆಬಡಿತ ಇರುತ್ತಿತ್ತಾ, ಹೇಳಿ?

ಪ್ರಶ್ನೆ (ಮೈಸೂರಿನಿಂದ, ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು): ಅಮ್ಮಾ, ಮಗನ ಮನೆಗೆ ಬಂದಾಗಲೆಲ್ಲ ಈ ವಾದ ಕೇಳುತ್ತೇನೆ. ಔಷಧ, ಗಾಳಿ, ನೀರು ಇದೆಲ್ಲ ಕೋಟು ಹಾಕಿಕೊಂಡು ಕೂತ ಜಡ್ಜಿಗೆ ಏನು ಗೊತ್ತು? ತಿಳಿದವರಿಗೆ ಬಿಡಬಾರದೇ?

ಉತ್ತರ: ಮೇಷ್ಟ್ರೇ, ಇದು ನಮ್ಮ ಕಡೆಯವರಿಗೆ ಚುಚ್ಚುವ ಪ್ರಶ್ನೆ. ಜಸ್ಟಿಸ್ ಕೇಗನ್ ತಮ್ಮ ಭಿನ್ನ ತೀರ್ಪಿನಲ್ಲಿ ಇದನ್ನೇ ಎತ್ತಿದರು. ಅಮೈನೋ ಆ್ಯಸಿಡ್ ಸರಪಳಿ ಯಾವಾಗ ಪ್ರೋಟೀನ್ ಅನ್ನಿಸಿಕೊಳ್ಳುತ್ತದೆ ಅಂತ ಜಡ್ಜು ಹೇಳಬೇಕಾ ಅಂತ. ನಿಮಗೆ ನಗು ಬರುವ ಇನ್ನೊಂದು ಹೇಳುತ್ತೇನೆ. ಷೆವ್ರಾನ್ ಬೀಳುವ ಹಿಂದಿನ ದಿನ ಬಂದ ವಾಯುಮಾಲಿನ್ಯದ ತೀರ್ಪಿನಲ್ಲಿ ಗೋರ್ಸಚ್ ಅವರು ನೈಟ್ರೋಜನ್ ಆಕ್ಸೈಡ್ ಅನ್ನುವ ಕಡೆ ನೈಟ್ರಸ್ ಆಕ್ಸೈಡ್ ಅಂತ ಬರೆದಿದ್ದರು. ಅಂದರೆ ನಗೆ ಅನಿಲ! ಆಮೇಲೆ ತಿದ್ದಿದರು.

ಆದರೂ ನನ್ನ ಮನಸ್ಸು ಬದಲಾಗಿಲ್ಲ. ಮೀನು ಎಷ್ಟಿದೆ ಅಂತ ಹೇಳಲು ತಜ್ಞ ಬೇಕು. ಸಂಬಳ ಯಾರು ಕೊಡಬೇಕು ಅನ್ನುವುದು ಮೀನಿನ ವಿಷಯವೇ ಅಲ್ಲ, ದುಡ್ಡಿನ ವಿಷಯ. ಅದನ್ನು ಹೇಳಬೇಕಾದವರು ಜನ ಓಟು ಹಾಕಿ ಕಳಿಸಿದವರು, ಬೇಡ ಅನ್ನಿಸಿದರೆ ಮನೆಗೆ ಕಳಿಸಬಹುದಾದವರು. ಅವರೋ ಕಾನೂನು ಪಾಸು ಮಾಡಲು ಸೆನೆಟ್ಟಿನಲ್ಲಿ 60 ಓಟು ಸಿಗಲ್ಲ ಅಂತ ಕೈಕಟ್ಟಿ ಕೂತಿದ್ದಾರೆ.

ಪ್ರಶ್ನೆ (ಸ್ಯಾನ್ ಹೋಸೆಯಿಂದ): ಅಕ್ಕಾ, ಇಷ್ಟೆಲ್ಲ ಹೇಳ್ತೀರಲ್ಲ, ಸೆಪ್ಟೆಂಬರ್ 2025ರಲ್ಲಿ ಟ್ರಂಪ್ ಎಚ್-1ಬಿಗೆ ಒಂದು ಲಕ್ಷ ಡಾಲರ್ ಅಂತ ಒಂದು ಸಹಿಯಲ್ಲಿ ಮಾಡಿದಾಗ ನಿಮ್ಮ ಕನ್ಸರ್ವೇಟಿವ್‌ಗಳು ಎಲ್ಲಿದ್ದರು? ಆ ರಾತ್ರಿ ನನ್ನ ರೂಮ್‌ಮೇಟ್ ಬೆಂಗಳೂರಿಗೆ ಹೊರಟವನು ಏರ್‌ಪೋರ್ಟಿಂದ ಸೂಟ್‌ಕೇಸ್ ಸಮೇತ ವಾಪಸ್ ಬಂದ.

ಉತ್ತರ: ಅರ್ಧ ಜನ ಚಪ್ಪಾಳೆ ಹೊಡೆಯುತ್ತಿದ್ದರು ಕಣಪ್ಪಾ. ಅವರ ವಾದವನ್ನೂ ಹೇಳಬೇಕು. 1952ರ ವಲಸೆ ಕಾನೂನಿನಲ್ಲಿ, ದೇಶಕ್ಕೆ ಹಾನಿ ಅನ್ನಿಸಿದರೆ ಹೊರಗಿನವರ ಪ್ರವೇಶ ತಡೆಯುವ, ಷರತ್ತು ಹಾಕುವ ಅಧಿಕಾರವನ್ನು ಕಾಂಗ್ರೆಸ್ಸೇ ಅಧ್ಯಕ್ಷರಿಗೆ ಕೊಟ್ಟಿದೆ. 2018ರಲ್ಲಿ ಪ್ರಯಾಣ ನಿಷೇಧದ ಕೇಸಿನಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅದನ್ನು ಒಪ್ಪಿತ್ತು.

ನನಗೆ ಸರಿಕಾಣುವುದಿಲ್ಲ. ಬಾಗಿಲು ಹಾಕುವುದು ಬೇರೆ, ಬಾಗಿಲಲ್ಲಿ ಕೂತು ಸುಂಕ ಎತ್ತುವುದು ಬೇರೆ. ಬೈಡನ್ 2003ರ ಒಂದು ಕಾನೂನು ಹಿಡಿದುಕೊಂಡು ಸುಮಾರು 400 ಬಿಲಿಯನ್ ಡಾಲರ್ ವಿದ್ಯಾರ್ಥಿ ಸಾಲ ಮನ್ನಾ ಮಾಡಹೊರಟಾಗ ನಾವೆಲ್ಲ ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂತ ಆಡಿಕೊಂಡೆವು. 2023ರಲ್ಲಿ ಕೋರ್ಟು 6-3ರಲ್ಲಿ ಅದನ್ನು ಹೊಡೆದು ಹಾಕಿದಾಗ ಖುಷಿಪಟ್ಟೆವು. ಎಚ್-1ಬಿಯ 65,000, ಅದರ ಮೇಲೆ ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000, ಇದೆಲ್ಲ ಕಾಂಗ್ರೆಸ್ ಬರೆದ ಲೆಕ್ಕ. ಫೀಸನ್ನೂ ಅವರೇ ಬರೆಯಲಿ. ಇದನ್ನು ಹೇಳಿದ್ದಕ್ಕೆ ನಮ್ಮ ಪಕ್ಷದ ಗೆಳತಿಯೊಬ್ಬಳು ಎರಡು ವಾರ ನನ್ನ ಫೋನು ಎತ್ತಲಿಲ್ಲ, ಹೋಗಲಿ.

ನಿನ್ನ ರೂಮ್‌ಮೇಟಿಗೆ ಹೇಳು, ಆ ಫೀಸು ಹೊರದೇಶದಲ್ಲಿರುವವರಿಗೆ ಹೊಸದಾಗಿ ಹಾಕುವ ಅರ್ಜಿಗೆ. ಆಗಲೇ ವೀಸಾ ಇದ್ದವನು ಹೋಗಿ ಬರಲು ಅದನ್ನು ಕಟ್ಟಬೇಕಾಗಿಲ್ಲ ಅಂತ ವಲಸೆ ಇಲಾಖೆ ಆಮೇಲೆ ಹೇಳಿತು. ಸುಮ್ನೆ ಟಿಕೆಟ್ ದುಡ್ಡು ಹೋಯಿತು.

ಪ್ರಶ್ನೆ (ಮತ್ತೆ ಡಲ್ಲಾಸ್‌ನಿಂದ): ಮೇಡಂ, ಸಮಾಧಾನ ಆಯ್ತು. ಹಾಗಾದರೆ ನಾನೀಗ ಏನೂ ಮಾಡಬೇಕಿಲ್ಲ ಅಲ್ವಾ?

ಉತ್ತರ: ಮಾಡಬೇಕು. ಮೊದಲೆಲ್ಲ ರಿನ್ಯೂವಲ್ ಹಾಕಿದರೆ ಪರ್ಮಿಟ್ಟಿನ ಹಳೆ ಕಾರ್ಡು 540 ದಿನದವರೆಗೆ ನಡೆಯುತ್ತಿತ್ತು. ಅಕ್ಟೋಬರ್ 30, 2025ರಿಂದ ಹಾಕಿದ ಅರ್ಜಿಗಳಿಗೆ ಆ ಸೌಕರ್ಯ ತೆಗೆದಿದ್ದಾರೆ. ಅದೂ ಒಂದು ಇಲಾಖೆ ನಿಯಮವೇ, ನೋಡಿ. ಹೊಸ ಕಾರ್ಡು ಬರದೆ ಹಳೆಯದರ ದಿನ ಮುಗಿದರೆ ಕೆಲಸ ನಿಲ್ಲಿಸಬೇಕು. 180 ದಿನ ಮೊದಲೇ ಅರ್ಜಿ ಹಾಕಬಹುದು, ಯಜಮಾನರ ಎಕ್ಸ್‌ಟೆನ್ಶನ್ ಜೊತೆಗೇ ಹಾಕಿಬಿಡಿ. ನಿಮ್ಮ ಕಾರ್ಡು ಯಾವತ್ತು ಮುಗಿಯುತ್ತೆ?

ಡಲ್ಲಾಸ್‌ನಿಂದ: ಅಯ್ಯೋ, ಇನ್ನು ನಾಲ್ಕೇ ತಿಂಗಳು!

ಉತ್ತರ: ಹಾಗಾದರೆ ಈಗಲೇ ರೇಡಿಯೋ ಆರಿಸಿ, ಯಜಮಾನರನ್ನು ಎಚ್‌ಆರ್‌ಗೆ ಫೋನ್ ಮಾಡಲು ಹೇಳಿ.